ಪರದೆಯ ಮೇಲೊಂದು ನದಿ ದಂಡೆ: ಭೂಗೋಳ ಮೇಡಂಗೆ ಓದುಗರ ಪ್ರಶ್ನೆಗಳು

ಈ ತಿಂಗಳ ಪತ್ರಗಳ ಕಟ್ಟಿನಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದುಕೊಂಡು ಬಂದಿವೆ: ಮಕ್ಕಳನ್ನು ತರಗತಿಯಲ್ಲೇ ಕೂರಿಸಿಕೊಂಡು ಪರದೆಯ ಮೇಲೆ ಲೋಕ ಸುತ್ತಿಸುವ ವರ್ಚುವಲ್ ಕ್ಷೇತ್ರ ಪ್ರವಾಸ. ಹಾಗಾಗಿ ಭೂಕಂಪ, ಕಾಲವಲಯ, ಉಬ್ಬರವಿಳಿತದವರನ್ನೆಲ್ಲ ಮುಂದಿನ ಸಂಚಿಕೆಗೆ ಕಾಯಲು ಹೇಳಿ ಇದೊಂದನ್ನೇ ಕೈಗೆತ್ತಿಕೊಂಡಿದ್ದೇನೆ. ಪತ್ರಗಳನ್ನು ಮೊಟಕು ಮಾಡಿದ್ದೇನೆ. ನನ್ನನ್ನು ಬೈದ ಸಾಲುಗಳನ್ನು ಮಾತ್ರ ಮುಟ್ಟಿಲ್ಲ.

ಪ್ರಶ್ನೆ: ಮೇಡಂ, ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಮೊನ್ನೆ ಒಂದೇ ಪೀರಿಯಡ್‌ನಲ್ಲಿ ಗ್ರ್ಯಾಂಡ್ ಕ್ಯಾನ್ಯನ್, ಸಹಾರಾ, ಅಮೆಜಾನ್, ಎವರೆಸ್ಟ್ ಎಲ್ಲವನ್ನೂ ಪ್ರೊಜೆಕ್ಟರ್‌ನಲ್ಲಿ ತೋರಿಸಿದೆ. ಮಕ್ಕಳು ಕುಣಿದಾಡಿಬಿಟ್ಟರು. ಮರುದಿನ ಏನು ನೋಡಿದಿರಿ ಅಂತ ಕೇಳಿದರೆ ‘ತುಂಬಾ ಚೆನ್ನಾಗಿತ್ತು ಮಿಸ್’ ಅನ್ನೋದು ಬಿಟ್ಟು ಬೇರೆ ಮಾತೇ ಇಲ್ಲ. ಎಲ್ಲಿ ಎಡವಿದೆ?

ನಾಲ್ಕು ಜಾಗ ಒಂದೇ ಪೀರಿಯಡ್‌ನಲ್ಲಿ ಅಂದಿರಲ್ಲ, ಅಲ್ಲೇ. ಓಡುವ ರೈಲಿನ ಕಿಟಕಿಯಲ್ಲಿ ಕೂತವರಿಗೆ ಊರುಗಳು ಕಂಡಷ್ಟೇ ನಿಮ್ಮ ಮಕ್ಕಳಿಗೆ ಖಂಡಗಳು ಕಂಡಿವೆ. ಅದರಲ್ಲಿ ಅವರ ತಪ್ಪೇನಿಲ್ಲ. ನೋಡಿ ಅಂದಿರಿ, ನೋಡಿದರು. ಏನನ್ನು ಹುಡುಕಬೇಕು ಅಂತ ಯಾರೂ ಹೇಳಿರಲಿಲ್ಲ.

ಮುಂದಿನ ಸಲ ಒಂದೇ ಜಾಗಕ್ಕೆ ಹೋಗಿ, ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗಿ. ನನಗೆ ಬಹಳ ಇಷ್ಟವಾದ ಜಾಗವೊಂದಿದೆ, ಅದನ್ನೇ ಉದಾಹರಣೆಯಾಗಿ ಕೊಡುತ್ತೇನೆ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಇಡೀ ಭೂಮಿಯನ್ನು ತೋರಿಸುವ ಗೂಗಲ್ ಅರ್ಥ್ ತಂತ್ರಾಂಶದಲ್ಲಿ ನಮೀಬಿಯಾ ದೇಶದ ಗೋಬಾಬೆಬ್ ಎಂಬಲ್ಲಿಗೆ ಹೋಗಿ. ಆಫ್ರಿಕಾದ ನೈಋತ್ಯ ಕರಾವಳಿಯಿಂದ ಸ್ವಲ್ಪ ಒಳಗೆ, ನಮೀಬ್ ಮರುಭೂಮಿಯ ನಡುವೆ ಇದೆ. ಮರುಭೂಮಿಯನ್ನು ಅಧ್ಯಯನ ಮಾಡುವ ಸಂಶೋಧನಾ ಕೇಂದ್ರವೊಂದು 1962ರಿಂದ ಅಲ್ಲಿದೆ. ಇದ್ಯಾವುದನ್ನೂ ಮಕ್ಕಳಿಗೆ ಹೇಳಬೇಡಿ. ಹೆಸರು, ಗಡಿ, ರಸ್ತೆಗಳನ್ನು ಮರೆಮಾಡುವ ಆಯ್ಕೆ ಆ ತಂತ್ರಾಂಶದಲ್ಲೇ ಇದೆ, ಅದನ್ನು ಒತ್ತಿ ಎಲ್ಲ ಅಳಿಸಿಬಿಡಿ. ಈಗ ಪರದೆಯ ಮೇಲೆ ಉಳಿಯುವುದು ಇಷ್ಟು: ದಕ್ಷಿಣಕ್ಕೆ ಕೆಂಪು ಮರಳು ದಿಬ್ಬಗಳ ಸಾಲು ಸಾಲು, ಉತ್ತರಕ್ಕೆ ಬೋಳು ಬೂದು ಬಯಲು, ನಡುವೆ ಹಸಿರು ಚುಕ್ಕಿಗಳ ಅಂಚಿರುವ ಒಂದು ಒಣ ಗೆರೆ. ದಿಬ್ಬಗಳು ಆ ಗೆರೆಯವರೆಗೆ ಬಂದು, ಯಾರೋ ಕತ್ತರಿಸಿ ಇಟ್ಟ ಹಾಗೆ ನಿಂತುಬಿಟ್ಟಿವೆ.

ಪ್ರಶ್ನೆ ಒಂದೇ: ಮರಳು ಗೆರೆ ಯಾಕೆ ದಾಟಿಲ್ಲ?

ಆಮೇಲೆ ನೀವು ಸುಮ್ಮನಿರಬೇಕು. ಶಿಕ್ಷಕರಿಗೆ ಇದೇ ಕಷ್ಟದ ಕೆಲಸ ಅಂತ ನನಗೂ ಗೊತ್ತು. ಮೊದಲ ಉತ್ತರಗಳು ಕೈಗೆ ಬಂದ ಹಾಗೆ ಬರುತ್ತವೆ. ಬೇಲಿ ಹಾಕಿದ್ದಾರೆ, ಯಂತ್ರದಲ್ಲಿ ತೆಗೆದಿದ್ದಾರೆ, ಆ ಕಡೆ ಬೇರೆ ದೇಶ. ಬರಲಿ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ಪರದೆಯ ಸ್ಕೇಲು ತೋರಿಸಿ. ಅಳತೆ ಪಟ್ಟಿ ಬಳಸಿ ದಿಬ್ಬದಿಂದ ದಿಬ್ಬಕ್ಕೆ ಎಷ್ಟು ದೂರ ಅಂತ ಅವರೇ ಅಳೆಯಲಿ. ಕಿಲೋಮೀಟರ್ ಲೆಕ್ಕದಲ್ಲಿ ಬರುವ ಉತ್ತರ ನೋಡಿದ ಮೇಲೆ ಬೇಲಿಯ ಮಾತು ತಾನಾಗಿಯೇ ಬಿದ್ದುಹೋಗುತ್ತದೆ. ದಿಬ್ಬಗಳು ಯಾವ ದಿಕ್ಕಿಗೆ ಸಾಲುಗಟ್ಟಿವೆ? ಗಾಳಿ ಎತ್ತಲಿಂದ ಬೀಸುತ್ತಿರಬಹುದು? ಹಸಿರು ಚುಕ್ಕಿ ಎಂದರೆ ಮರ. ಮರ ಎಂದರೆ ನೀರು. ಹಾಗಿದ್ದರೆ ಆ ಗೆರೆಯಲ್ಲಿ ನೀರು ಯಾಕೆ ಕಾಣುತ್ತಿಲ್ಲ?

ಇಷ್ಟು ಹೊತ್ತಿಗೆ ಯಾರಾದರೊಬ್ಬರು, ಸಾಮಾನ್ಯವಾಗಿ ಹಿಂದಿನ ಬೆಂಚಿನವರು, ‘ಅದು ಹೊಳೆ ಮಿಸ್, ಯಾವಾಗಲೋ ಒಮ್ಮೆ ಹರಿಯುತ್ತೆ’ ಅಂದೇ ಅನ್ನುತ್ತಾರೆ. ಅದು ಕುಯಿಸೆಬ್ ನದಿ. ಗೋಬಾಬೆಬ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 25 ಮಿಲಿಮೀಟರ್ ಆಸುಪಾಸು. ನದಿಗೆ ನೀರು ಬರುವುದು ದೂರದ ಪೂರ್ವದ ಎತ್ತರದ ನೆಲದಲ್ಲಿ ಮಳೆಯಾದಾಗ. ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ಆದರೆ ಬಂದ ಕೆಲವೇ ದಿನಗಳ ಪ್ರವಾಹ, ದಕ್ಷಿಣದ ಗಾಳಿ ಅಷ್ಟು ಕಾಲ ನೂಕಿಕೊಂಡು ತಂದ ಮರಳನ್ನು ಗುಡಿಸಿಕೊಂಡು ಹೋಗುತ್ತದೆ. ಗಾಳಿಗೂ ನೀರಿಗೂ ನಡೆಯುತ್ತಿರುವ ಈ ಜಗಳದ ಗಡಿಯೇ ಪರದೆಯ ಮೇಲೆ ಕಂಡ ಗೆರೆ.

ಇಲ್ಲಿಗೆ ನಿಲ್ಲಿಸಬೇಡಿ. ನದಿಯ ಜೊತೆಗೇ ಪಶ್ಚಿಮಕ್ಕೆ, ಸಮುದ್ರದತ್ತ ಸಾಗಿ. ವಾಲ್ವಿಸ್ ಬೇ ಹತ್ತಿರ ಬಂದಾಗ ಮರಳು ನದಿಯನ್ನು ದಾಟಿ ಉತ್ತರಕ್ಕೂ ಹಬ್ಬಿರುವುದು ಕಾಣುತ್ತದೆ. ‘ಹಾಗಾದರೆ ನಾವು ಹೇಳಿದ್ದು ಸುಳ್ಳಾ?’ ಅಂತ ಮಕ್ಕಳು ಕೇಳಬೇಕು. ಪ್ರವಾಹದ ನೀರು ಸಮುದ್ರ ಮುಟ್ಟುವುದೇ ಅಪರೂಪ, ದಾರಿಯಲ್ಲೇ ನೆಲ ಕುಡಿದುಬಿಡುತ್ತದೆ. ನೀರು ಸೋತಲ್ಲಿ ಮರಳು ದಾಟಿದೆ. ಮೊದಲು ಕಟ್ಟಿದ ವಿವರಣೆಯನ್ನು ಅದೇ ವಿವರಣೆ ಬಳಸಿ ತಿದ್ದುವ ಅವಕಾಶ ಇಷ್ಟು ಸಲೀಸಾಗಿ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.

ಕೊನೆಗೆ ಪರದೆ ಆರಿಸಿ ಒಂದು ರೇಖಾಚಿತ್ರ ಬರೆಸಿ. ನೆನಪಿನಿಂದ. ಉತ್ತರ ದಿಕ್ಕಿನ ಬಾಣ, ಸ್ಕೇಲು, ಗಾಳಿಯ ದಿಕ್ಕು, ಮೂರು ಬಗೆಯ ನೆಲದ ಹೆಸರು ಅದರಲ್ಲಿ ಇರಬೇಕು. ಚಿತ್ರ ಚೆಂದವಿರಬೇಕಾಗಿಲ್ಲ. ಮರುದಿನ ‘ಚೆನ್ನಾಗಿತ್ತು ಮಿಸ್’ ಅಂದವರಿಗೆ ಅವರದೇ ಚಿತ್ರ ಕೈಗೆ ಕೊಡಿ.

ಪ್ರಶ್ನೆ: ಇದೆಲ್ಲ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವ ಜವಾಬ್ದಾರಿಯಿಂದ ಜಾರಿಕೊಳ್ಳುವ ಉಪಾಯ ಅಲ್ಲವೇ? ನೀವು ಹಳಬರು, ನೀವಾದರೂ ವಿರೋಧಿಸುತ್ತೀರಿ ಅಂದುಕೊಂಡಿದ್ದೆ. ನಿಮ್ಮ ಹಿಂದಿನ ಅಂಕಣ ಓದಿ ಬೇಸರವಾಯಿತು. (ಒಬ್ಬ ತಂದೆ)

ಬೇಸರ ಮಾಡಿಕೊಳ್ಳಿ, ಪರವಾಗಿಲ್ಲ. ಜಾರಿಕೊಳ್ಳುವವರು ಇದ್ದೇ ಇದ್ದಾರೆ. ‘ಪರದೆಯಲ್ಲೇ ತೋರಿಸಿದ್ದೇವಲ್ಲ’ ಅಂತ ಹೇಳಿ ಹೊರಸಂಚಾರವನ್ನೇ ಕೈಬಿಟ್ಟ ಶಾಲೆಯೊಂದನ್ನು ನಾನೂ ಕಂಡಿದ್ದೇನೆ. ಅಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಹೊಳೆಯ ಕಲ್ಲನ್ನು ಕೈಯಲ್ಲಿ ಹಿಡಿದು ಅದರ ನುಣುಪು ನೋಡುವುದು, ಸುಣ್ಣದಕಲ್ಲಿನ ಮೇಲೆ ಒಂದು ಹನಿ ದುರ್ಬಲ ಆಮ್ಲ ಬಿಟ್ಟು ನೊರೆಯೇಳುವುದನ್ನು ಕಾಣುವುದು, ಏರು ಹತ್ತುವಾಗ ಇಳಿಜಾರು ಎಷ್ಟು ಅಂತ ಕಾಲಿಗೇ ಗೊತ್ತಾಗುವುದು, ಇವಕ್ಕೆ ಪರದೆಯಲ್ಲಿ ಬದಲಿ ಇಲ್ಲ. ಇನ್ನೊಂದು ಸೂಕ್ಷ್ಮ ವ್ಯತ್ಯಾಸವೂ ಇದೆ. ಪರದೆಯ ಮೇಲೆ ಏನು ಕಾಣಬೇಕು ಅಂತ ಕ್ಯಾಮೆರಾ ಹಿಡಿದವರು ಮೊದಲೇ ತೀರ್ಮಾನಿಸಿರುತ್ತಾರೆ. ಬಯಲಿನಲ್ಲಿ ಯಾರೂ ತೀರ್ಮಾನಿಸಿರುವುದಿಲ್ಲ. ಮಗು ಶಿಕ್ಷಕರು ತೋರಿಸಿದ ಬೆಟ್ಟ ಬಿಟ್ಟು ಕಾಲಡಿಯ ಇರುವೆ ಗೂಡು ನೋಡುತ್ತಾ ನಿಲ್ಲಬಹುದು, ಮತ್ತು ಕೆಲವೊಮ್ಮೆ ಅದೇ ಒಳ್ಳೆಯ ಪಾಠವಾಗುತ್ತದೆ.

ಆದರೆ ‘ಹಳಬರು ವಿರೋಧಿಸುತ್ತಾರೆ’ ಅಂತ ನೀವು ಹೇಗೆ ಅಂದುಕೊಂಡಿರೋ! ದೂರದ ನೆಲವನ್ನು ಕೋಣೆಯೊಳಗೆ ತರುವ ಹಂಬಲ ನನಗಿಂತ ಎಷ್ಟೋ ಹಳೆಯದು. 1851ರಲ್ಲಿ ಲಂಡನ್ನಿನ ಲೀಸ್ಟರ್ ಸ್ಕ್ವೇರ್‌ನಲ್ಲಿ ಜೇಮ್ಸ್ ವೈಲ್ಡ್ ಎಂಬ ನಕಾಶೆ ವ್ಯಾಪಾರಿ ಸುಮಾರು 18 ಮೀಟರ್ ವ್ಯಾಸದ ಭೂಗೋಲವೊಂದನ್ನು ಕಟ್ಟಿಸಿದ. ಜನ ಅದರ ಒಳಗೆ ಹೋಗಿ ಮೆಟ್ಟಿಲು ಹತ್ತುತ್ತಾ, ಒಳಗೋಡೆಯ ಮೇಲೆ ಉಬ್ಬಾಗಿ ಮಾಡಿದ ಖಂಡಗಳನ್ನೂ ಪರ್ವತಗಳನ್ನೂ ನೋಡುತ್ತಿದ್ದರು. 1862ರವರೆಗೆ ನಡೆಯಿತು. ಇಪ್ಪತ್ತನೇ ಶತಮಾನದ ಆರಂಭಕ್ಕೆ ಅಮೆರಿಕದ ಕೀಸ್ಟೋನ್ ವ್ಯೂ ಕಂಪನಿ ಶಾಲೆಗಳಿಗೆಂದೇ ಸ್ಟೀರಿಯೋಸ್ಕೋಪ್ ಚಿತ್ರಗಳ ಪೆಟ್ಟಿಗೆಗಳನ್ನು ಮಾರುತ್ತಿತ್ತು. ಎರಡು ಕಣ್ಣಿಗೆ ಎರಡು ಚಿತ್ರ, ನೋಡಿದರೆ ಕಣಿವೆಗೆ ಆಳ ಬರುತ್ತಿತ್ತು. ಇಂದು ಕಣ್ಣಿಗೆ ಕಟ್ಟಿಕೊಂಡು ನೋಡುವ ವಿ.ಆರ್. (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ನ ತತ್ವವೂ ಅದೇ.

ನನ್ನ ಮೆಚ್ಚಿನವರು ಮಾತ್ರ ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್. ಮುಂದೆ ಬಾಂಬೆ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಇವರು 1892ರಲ್ಲಿ ಎಡಿನ್‌ಬರೋದ ಒಂದು ಗೋಪುರವನ್ನು ಕೊಂಡು ‘ಔಟ್‌ಲುಕ್ ಟವರ್’ ಮಾಡಿದರು. ಬಂದವರನ್ನು ಮೊದಲು ಸೀದಾ ತುದಿಗೆ ಹತ್ತಿಸುವುದು. ಅಲ್ಲಿ ಕ್ಯಾಮೆರಾ ಅಬ್ಸ್‌ಕ್ಯೂರಾ ಇತ್ತು: ಕತ್ತಲೆ ಕೋಣೆಯ ಬಿಳಿ ಮೇಜಿನ ಮೇಲೆ ಹೊರಗಿನ ನಗರದ ಜೀವಂತ ಚಿತ್ರ, ಓಡಾಡುವ ಜನರ ಸಮೇತ. ಅದನ್ನು ನೋಡಿದ ಮೇಲೆ ಒಂದೊಂದೇ ಮಹಡಿ ಇಳಿಯುತ್ತಾ ನಗರ, ನಾಡು, ಯುರೋಪ್, ಕೊನೆಗೆ ಜಗತ್ತು. ನಡುವೆ ಏನೂ ಇಲ್ಲದ ಒಂದು ಪುಟ್ಟ ಮಬ್ಬುಗತ್ತಲೆ ಕೋಣೆ. ಕಂಡದ್ದನ್ನು ಕೂತು ಯೋಚಿಸಲಿಕ್ಕೆ. ನಮ್ಮ ವರ್ಚುವಲ್ ಪ್ರವಾಸಗಳಲ್ಲಿ ಇಲ್ಲದಿರುವುದು ಆ ಖಾಲಿ ಕೋಣೆಯೇ. ಒಂದು ಲಿಂಕ್ ಮುಗಿಯುವ ಮೊದಲೇ ಇನ್ನೊಂದು ಒತ್ತುತ್ತೇವೆ.

ಇನ್ನು ನಿಮ್ಮ ಮೂಲ ಪ್ರಶ್ನೆಗೆ. ಪರದೆ ಮತ್ತು ಬಯಲು, ಎರಡರಲ್ಲಿ ಒಂದು ಅಂತ ಆರಿಸಿಕೊಳ್ಳಬೇಕಾಗಿಯೇ ಇಲ್ಲ. ಇಸ್ರೇಲಿನ ನಿರ್ ಓರಿಯನ್ ಮತ್ತು ಆವಿ ಹಾಫ್‌ಸ್ಟೈನ್ ಎಂಬ ಸಂಶೋಧಕರು 1994ರಲ್ಲಿ ಒಂದು ಒಳ್ಳೆಯ ಮಾತು ಹೇಳಿದರು. ಹೊಸ ಜಾಗಕ್ಕೆ ಹೋದ ವಿದ್ಯಾರ್ಥಿಗೆ ಮೂರು ಬಗೆಯ ಅಪರಿಚಿತತೆ ಅಡ್ಡ ಬರುತ್ತದೆ: ವಿಷಯ ಗೊತ್ತಿಲ್ಲ, ಜಾಗ ಗೊತ್ತಿಲ್ಲ, ದಿನ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲ. ಇವು ಮೊದಲೇ ತಗ್ಗಿದಷ್ಟೂ ಕಲಿಕೆ ಹೆಚ್ಚು. ಹೊರಡುವ ಹಿಂದಿನ ದಿನ ಅದೇ ಜಾಗವನ್ನು ಪರದೆಯಲ್ಲಿ ಮೇಲಿನಿಂದ ನೋಡಿ, ಬಸ್ಸು ಎಲ್ಲಿ ನಿಲ್ಲುತ್ತದೆ, ಹೊಳೆ ಎಲ್ಲಿ ತಿರುಗುತ್ತದೆ, ನಾವು ಎಲ್ಲಿ ಅಳೆಯುತ್ತೇವೆ ಅಂತ ಗುರುತು ಮಾಡಿಕೊಂಡ ಮಕ್ಕಳು ಅಲ್ಲಿ ಇಳಿದ ಕೂಡಲೇ ಕೆಲಸ ಶುರು ಮಾಡುತ್ತಾರೆ. ಹೋಗಿ ಬಂದ ಮೇಲೆ ಮತ್ತೆ ಪರದೆ ತೆರೆದರೆ ‘ನಾವು ನಿಂತದ್ದು ಇಲ್ಲಿ!’ ಅಂತ ಕೂಗುತ್ತಾರೆ. ನಿಂತಲ್ಲಿ ಕಂಡದ್ದನ್ನೂ ಮೇಲಿನಿಂದ ಕಾಣುವುದನ್ನೂ ಹೊಂದಿಸಿ ನೋಡುವುದೇ ನಕಾಶೆ ಓದುವ ವಿದ್ಯೆ.

ಕುದಿಯುವ ಜ್ವಾಲಾಮುಖಿಯ ಬಾಯಿಗೂ ಧ್ರುವದ ಮಂಜಿಗೂ ಯಾವ ಶಾಲೆಯೂ ಬಸ್ಸು ಮಾಡುವುದಿಲ್ಲ. ಅಂಥ ಕಡೆ ಪರದೆಯೇ ಗತಿ, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಪ್ರಶ್ನೆ: ನಮಸ್ತೆ ಮೇಡಂ, ನಾನು ಒಂಬತ್ತನೇ ತರಗತಿ. ಗೂಗಲ್ ಅರ್ಥ್‌ನಲ್ಲಿ ಒಂದು ಕಾಡು ನೋಡುತ್ತಿದ್ದೆ. ಒಂದು ನೇರ ಗೆರೆಯ ಈ ಕಡೆ ದಟ್ಟ ಹಸಿರು, ಆ ಕಡೆ ಕಂದು ಬಣ್ಣ. ಅಲ್ಲಿ ನಿಜವಾಗಲೂ ಹಾಗೇ ಇದೆಯಾ? ಈಗ ಕಾಣುತ್ತಿರುವುದು ಲೈವ್ ಅಲ್ಲವಾ?

ಲೈವ್ ಅಲ್ಲ ಮಗು. ಜೊತೆಗೆ ನೀನು ನೋಡಿದ್ದು ಒಂದೇ ಚಿತ್ರವೂ ಅಲ್ಲ. ಉಪಗ್ರಹಗಳು, ವಿಮಾನಗಳು ಬೇರೆ ಬೇರೆ ದಿನ ತೆಗೆದ ತುಣುಕುಗಳನ್ನು ಅಂಟಿಸಿ ಮಾಡಿದ ಹಾಸು ಅದು. ಒಂದು ತುಣುಕು ಮಳೆ ಮುಗಿದ ಮೇಲಿನದು, ಪಕ್ಕದ್ದು ಬೇಸಿಗೆಯದು ಆಗಿದ್ದರೆ ಅಂಟಿಸಿದ ಜಾಗ ನೇರ ಗೆರೆಯಾಗಿ ಕಾಣುತ್ತದೆ. ಆದರೆ ‘ನೇರ ಗೆರೆ ಎಲ್ಲವೂ ಅಂಟು’ ಅಂತ ತೀರ್ಮಾನಿಸಬೇಡ. ಕಾಡು ಕಡಿದು ಹೊಲ ಮಾಡಿದ ಅಂಚೂ ನೇರವಾಗಿಯೇ ಇರುತ್ತದೆ. ಯಾವುದು ಯಾವುದು ಅಂತ ತಿಳಿಯಲು ಒಂದು ದಾರಿಯಿದೆ. ಚಿತ್ರ ತೆಗೆದ ದಿನಾಂಕ ಪರದೆಯ ಕೆಳಗೆ ಸಣ್ಣಗೆ ಇರುತ್ತದೆ, ಗೆರೆಯ ಆಚೆ ಈಚೆ ಅದು ಬದಲಾಗುತ್ತದೆಯೇ ನೋಡು. ಆಮೇಲೆ ಹಳೆಯ ಚಿತ್ರಗಳನ್ನು ತೋರಿಸುವ ಗುಂಡಿ ಒತ್ತು. ಚಿತ್ರ ಬದಲಾದರೂ ಗೆರೆ ಅಲ್ಲೇ ಇದ್ದರೆ ಅದು ನೆಲದ ಮೇಲಿನದು. ಗೆರೆ ಮಾಯವಾದರೆ ಬಹುಶಃ ಅಂಟಿನದು. ಆ ಹಳೆಯ ಚಿತ್ರದ ಹೊತ್ತಿಗೆ ಕಾಡು ಇನ್ನೂ ಕಡಿದಿರಲಿಲ್ಲವೇನೋ ಅಂತಲೂ ಒಮ್ಮೆ ಯೋಚಿಸು.

ಈ ಹಳೆಯ ಚಿತ್ರಗಳ ಗುಂಡಿಯಲ್ಲಿ ಒಂದು ಆಟ ಹೇಳಿಕೊಡುತ್ತೇನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮೌಂಟ್ ಸೇಂಟ್ ಹೆಲೆನ್ಸ್ ಎಂಬ ಜ್ವಾಲಾಮುಖಿ ಇದೆ. 1980ರ ಮೇ 18ರ ಬೆಳಿಗ್ಗೆ ಅದರ ಉತ್ತರದ ಮಗ್ಗುಲು ಕುಸಿದು, ಪರ್ವತ ಮೇಲಕ್ಕಲ್ಲದೆ ಪಕ್ಕಕ್ಕೂ ಸಿಡಿಯಿತು. 57 ಜನ ಸತ್ತರು. 2,950 ಮೀಟರ್ ಇದ್ದ ಎತ್ತರ 2,549ಕ್ಕೆ ಇಳಿಯಿತು. ಈಗಲೂ ಮೇಲಿನಿಂದ ನೋಡಿದರೆ ಬಾಯಿ ಉತ್ತರಕ್ಕೆ ತೆರೆದುಕೊಂಡಿದೆ. ಅಲ್ಲಿಂದ ಸ್ವಲ್ಪ ಈಶಾನ್ಯಕ್ಕೆ ಸ್ಪಿರಿಟ್ ಲೇಕ್ ಎಂಬ ಸರೋವರ. ಕುಸಿದ ಮಣ್ಣು ಸರೋವರಕ್ಕೆ ಬಿದ್ದು ಎದ್ದ ಅಲೆ ದಡದ ಮೇಲಿನ ಮರಗಳನ್ನೆಲ್ಲ ಒಳಗೆ ಎಳೆದುಕೊಂಡಿತು. ಆ ಮರದ ದಿಮ್ಮಿಗಳ ರಾಶಿ ನಲವತ್ತು ವರ್ಷ ಕಳೆದ ಮೇಲೂ ನೀರಿನ ಮೇಲೆ ತೇಲುತ್ತಿದೆ. ಹತ್ತಿರ ಹೋಗಿ ನೋಡು, ಕಡ್ಡಿ ಚೆಲ್ಲಿದ ಹಾಗೆ ಬೂದು ಬಣ್ಣದ್ದೊಂದು ಪಟ್ಟೆ ಕಾಣುತ್ತದೆ. ಈಗ ದಿನಾಂಕ ಬದಲಿಸುತ್ತಾ ಹೋಗು. ಒಂದು ಚಿತ್ರದಲ್ಲಿ ಪಟ್ಟೆ ಒಂದು ದಡದಲ್ಲಿ, ಇನ್ನೊಂದರಲ್ಲಿ ಬೇರೆ ಕಡೆ. ಯಾರು ತಳ್ಳಿದರು? ಆ ದಿನ ಗಾಳಿ ಎತ್ತಲಿಂದ ಬೀಸುತ್ತಿತ್ತು ಅಂತ ಚಿತ್ರ ನೋಡಿ ಹೇಳಬಲ್ಲೆಯಾ?

ಪ್ರಶ್ನೆ: ನಮ್ಮ ಶಾಲೆಗೆ ವಿ.ಆರ್. ಹೆಡ್‌ಸೆಟ್‌ಗಳನ್ನು ಕೊಳ್ಳಲು ಹಣ ಮಂಜೂರಾಗಿದೆ. ಕೊಳ್ಳಬಹುದೇ? (ಮುಖ್ಯೋಪಾಧ್ಯಾಯರು)

ಅವಸರ ಬೇಡ ಸರ್. ಗೂಗಲ್ ಕಂಪನಿ 2014ರಲ್ಲಿ, ಒಳಗೆ ಫೋನ್ ಇಟ್ಟು ನೋಡುವ ‘ಕಾರ್ಡ್‌ಬೋರ್ಡ್’ ಎಂಬ ರಟ್ಟಿನ ವೀಕ್ಷಕ ತಂದಿತು, ಆಮೇಲೆ ಶಾಲೆಗಳ ವರ್ಚುವಲ್ ಪ್ರವಾಸಕ್ಕೆಂದೇ ‘ಎಕ್ಸ್‌ಪೆಡಿಷನ್ಸ್’ ಎಂಬ ಆ್ಯಪ್ ಮಾಡಿತು. ಎಷ್ಟೋ ಶಿಕ್ಷಕರು ಪಾಠಗಳನ್ನೆಲ್ಲ ಅದರ ಸುತ್ತ ಹೆಣೆದುಕೊಂಡರು. 2021ರ ಜೂನ್‌ನಲ್ಲಿ ಅದನ್ನು ನಿಲ್ಲಿಸಿದರು. ಹೀಗಾಗಿ ಪಾಠವನ್ನು ಯಾವ ಆ್ಯಪ್‌ಗೂ ಕಟ್ಟಿಹಾಕಬೇಡಿ. ಪ್ರಶ್ನೆ, ನಕಾಶೆ, ಮಕ್ಕಳು ತುಂಬುವ ಹಾಳೆ ನಿಮ್ಮ ಕೈಯಲ್ಲಿರಲಿ. ತೋರಿಸುವ ಸಾಧನ ಯಾವುದಾದರೂ ಆದೀತು.

ಹೆಡ್‌ಸೆಟ್ ಹಾಕಿಕೊಂಡಾಗ ಕಣ್ಣು ‘ಚಲಿಸುತ್ತಿದ್ದೇವೆ’ ಅನ್ನುತ್ತದೆ, ಒಳಗಿವಿಯ ಸಮತೋಲನದ ಅಂಗ ‘ಕೂತಿದ್ದೇವೆ’ ಅನ್ನುತ್ತದೆ. ಇದರಿಂದ ಕೆಲವು ಮಕ್ಕಳಿಗೆ ತಲೆ ಸುತ್ತುತ್ತದೆ, ವಾಂತಿ ಬಂದ ಹಾಗಾಗುತ್ತದೆ. ತಯಾರಕರು ವಯಸ್ಸಿನ ಮಿತಿ ಹಾಕಿರುತ್ತಾರೆ, ಅದನ್ನು ಮೊದಲು ಓದಿ. ನನ್ನ ದೊಡ್ಡ ತಕರಾರು ಬೇರೆ. ಹೆಡ್‌ಸೆಟ್ ಹಾಕಿದ ಮಗು ಒಂಟಿ. ಪಕ್ಕದವಳಿಗೆ ‘ಅದು ನೋಡೇ’ ಅಂತ ಬೆರಳು ತೋರಿಸಲಾಗುವುದಿಲ್ಲ, ಕೈಯಲ್ಲಿ ಪೆನ್ಸಿಲ್ ಹಿಡಿದು ಬರೆಯಲಾಗುವುದಿಲ್ಲ. ಸೀಳು ಕಣಿವೆಯ ಅಂಚಿನಲ್ಲಿ ನಿಂತ ಆಳದ ಅನುಭವ, ಗುಹೆಯೊಳಗಿನ ಅಗಾಧತೆ, ಇಂಥವಕ್ಕೆ ಐದು ನಿಮಿಷ ಹಾಕಿಕೊಳ್ಳಲಿ. ಉಳಿದ ಕೆಲಸಕ್ಕೆ ಒಂದು ಒಳ್ಳೆಯ ಪ್ರೊಜೆಕ್ಟರ್, ಒಂದಿಷ್ಟು ಕಂಪ್ಯೂಟರ್ ಸಾಕು. ಎರಡು ಮೂರು ಮಕ್ಕಳಿಗೆ ಒಂದು ಪರದೆ ಇರಲಿ, ಜಗಳವಾಡಿಕೊಂಡೇ ನೋಡಲಿ.

ಪ್ರಶ್ನೆ: ಇಂಟರ್ನೆಟ್ ಪಾಠದ ನಡುವೆ ಕೈಕೊಡುತ್ತದೆ. ಚಕ್ರ ತಿರುಗುತ್ತಲೇ ಇರುತ್ತದೆ, ತರಗತಿ ಗದ್ದಲವಾಗುತ್ತದೆ. ಏನು ಮಾಡಲಿ ಮೇಡಂ?

ಹಿಂದಿನ ರಾತ್ರಿಯೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದೂರದಿಂದ ಒಂದು, ನಡುವಿನ ಎತ್ತರದಿಂದ ಒಂದು, ಹತ್ತಿರದಿಂದ ಒಂದು. ಪ್ರತಿಯೊಂದರಲ್ಲೂ ಸ್ಕೇಲು ಕಾಣುತ್ತಿರಲಿ. ಸಾಧ್ಯವಿದ್ದರೆ ಕಾಗದದ ಮೇಲೆ ಮುದ್ರಿಸಿ. ನಿಜ ಹೇಳಬೇಕೆಂದರೆ ಕಾಲದ ಬದಲಾವಣೆ ಕಲಿಸಲು ಓಡುವ ವಿಡಿಯೋಗಿಂತ ಪಕ್ಕಪಕ್ಕ ಇಟ್ಟ ಮುದ್ರಿತ ಚಿತ್ರಗಳೇ ನನಗೆ ಇಷ್ಟ. ಮಧ್ಯ ಏಷ್ಯಾದ ಅರಾಲ್ ಸಮುದ್ರ ತೆಗೆದುಕೊಳ್ಳಿ. 1960ರ ಹೊತ್ತಿಗೆ ಅದು ವಿಸ್ತೀರ್ಣದಲ್ಲಿ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. ಅಮು ದರಿಯಾ, ಸಿರ್ ದರಿಯಾ ನದಿಗಳ ನೀರನ್ನು ಹತ್ತಿ ಬೆಳೆಗೆ ತಿರುಗಿಸಿದರು, ಸರೋವರ ಬತ್ತುತ್ತಾ ತುಂಡಾಯಿತು. ಭೂಮಿಯ ಚಿತ್ರ ತೆಗೆಯುವ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. ಆ ಚಿತ್ರಗಳ ಸಂಗ್ರಹ 2008ರಿಂದ ಎಲ್ಲರಿಗೂ ಉಚಿತ. ಬೇರೆ ಬೇರೆ ದಶಕದ ಚಿತ್ರಗಳನ್ನು ಮುದ್ರಿಸಿ, ಮೇಲೆ ಪಾರದರ್ಶಕ ಹಾಳೆ ಇಟ್ಟು ದಡದ ಗೆರೆಯನ್ನು ಬೇರೆ ಬೇರೆ ಬಣ್ಣದಲ್ಲಿ ತಿದ್ದಿಸಿ. ಚೌಕದ ಹಾಳೆಯಲ್ಲಿ ಚೌಕ ಎಣಿಸಿ ವಿಸ್ತೀರ್ಣ ಲೆಕ್ಕ ಹಾಕಲಿ. ಗಮನವಿಟ್ಟ ಮಗು ಒಂದು ವಿಚಿತ್ರ ಹಿಡಿಯುತ್ತದೆ: ದಕ್ಷಿಣದ ಭಾಗ ಒಣಗುತ್ತಲೇ ಹೋಗಿದೆ, ಉತ್ತರದ ಸಣ್ಣ ತುಂಡಿನಲ್ಲಿ ಮಾತ್ರ ನೀರು ಮತ್ತೆ ಏರಿದೆ. ಕಾರಣ 2005ರಲ್ಲಿ ಮುಗಿದ ಕೋಕ್-ಅರಾಲ್ ಅಣೆಕಟ್ಟೆ. ಉತ್ತರಕ್ಕೆ ಬಂದ ನೀರು ದಕ್ಷಿಣಕ್ಕೆ ಜಾರದಂತೆ ಅದು ತಡೆಯಿತು. ಆಗ ಕೇಳಿ: ಉತ್ತರದವರಿಗೆ ಒಳ್ಳೆಯದಾಯಿತು, ದಕ್ಷಿಣದವರಿಗೆ? ಇಂಟರ್ನೆಟ್ ಇಲ್ಲದೆಯೂ ತರಗತಿ ಗದ್ದಲವಾಗುತ್ತದೆ, ಆದರೆ ಅದು ಬೇರೆ ಬಗೆಯ ಗದ್ದಲ.

ಪ್ರಶ್ನೆ: ಬೀದಿಯಲ್ಲೇ ನಿಂತು ನೋಡಿದ ಹಾಗೆ ತೋರಿಸುವ ಗೂಗಲ್‌ನ ಸ್ಟ್ರೀಟ್ ವ್ಯೂನಲ್ಲಿ ಒಂದು ಬಡ ಬಡಾವಣೆ ತೋರಿಸಿದಾಗ ಕೆಲವು ಮಕ್ಕಳು ನಕ್ಕರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಒಳ್ಳೆಯ ಮಾತು ಎತ್ತಿದಿರಿ. ಬೆಟ್ಟಕ್ಕೆ ಯಾರು ನೋಡಿದರೂ ಒಂದೇ, ಮನೆಗೆ ಹಾಗಲ್ಲ. ನಿಜವಾದ ಪ್ರವಾಸದಲ್ಲಿ ನಾವು ನೋಡುವಾಗ ಅಲ್ಲಿನವರೂ ನಮ್ಮನ್ನು ನೋಡುತ್ತಾರೆ, ಆ ನೋಟವೇ ಮಕ್ಕಳ ನಗು ತಡೆಯುತ್ತದೆ. ಪರದೆಯಲ್ಲಿ ತಿರುಗಿ ನೋಡುವವರಿಲ್ಲ. ಅದಕ್ಕೇ ಜನವಸತಿ ತೋರಿಸುವಾಗ ‘ಹೇಗಿದೆ ನೋಡಿ’ ಅನ್ನಬೇಡಿ, ಕೆಲಸ ಕೊಡಿ. ನೀರು ಎಲ್ಲಿಂದ ಬರುತ್ತಿರಬಹುದು? ಕೊಳಾಯಿ, ತೊಟ್ಟಿ, ಟ್ಯಾಂಕ್ ಹುಡುಕಿ. ಮಳೆ ನೀರು ಎತ್ತ ಹರಿಯುತ್ತದೆ? ಚಾವಣಿಗೆ ಏನು ಹಾಕಿದ್ದಾರೆ, ಅದೇ ಯಾಕೆ? ಇಷ್ಟು ಹುಡುಕುವ ಹೊತ್ತಿಗೆ ಆ ಮನೆ ಕಟ್ಟಿದವರ ಜಾಣತನ ಕಾಣತೊಡಗುತ್ತದೆ. ಗ್ಯಾಪ್‌ಮೈಂಡರ್ ಸಂಸ್ಥೆಯ ‘ಡಾಲರ್ ಸ್ಟ್ರೀಟ್’ ಎಂಬ ತಾಣದಲ್ಲಿ ಹಲವು ದೇಶಗಳ ಕುಟುಂಬಗಳ ಒಲೆ, ಹಾಸಿಗೆ, ಹಲ್ಲುಜ್ಜುವ ಬ್ರಷ್‌ಗಳ ಫೋಟೋಗಳು ಆದಾಯದ ಕ್ರಮದಲ್ಲಿವೆ. ಅದರಲ್ಲಿ ದೇಶಕ್ಕಿಂತ ಆದಾಯವೇ ಮನೆಯ ರೂಪ ತೀರ್ಮಾನಿಸುವುದು ಎದ್ದು ಕಾಣುತ್ತದೆ. ಸ್ಟ್ರೀಟ್ ವ್ಯೂಗೆ ಹೋಗುವ ಮೊದಲು ಅದನ್ನು ತೋರಿಸಿ ನೋಡಿ.

ನಕ್ಕ ಮಕ್ಕಳನ್ನು ಎಲ್ಲರೆದುರು ಗದರಿಸಬೇಡಿ. ಹೊಸದನ್ನು ಕಂಡಾಗ ಮುಜುಗರಕ್ಕೂ ನಗು ಬರುತ್ತದೆ.

ಪ್ರಶ್ನೆ: ನನ್ನ ತರಗತಿಯಲ್ಲಿ ದೃಷ್ಟಿದೋಷವಿರುವ ಒಬ್ಬ ಹುಡುಗ ಇದ್ದಾನೆ. ಎಲ್ಲರೂ ಪರದೆ ನೋಡುವಾಗ ಅವನು ಸುಮ್ಮನೆ ಕೂತಿರುವುದು ನೋಡಿದರೆ ಸಂಕಟವಾಗುತ್ತದೆ.

ಅವನನ್ನೇ ಪ್ರವಾಸದ ಮುಖಂಡನನ್ನಾಗಿ ಮಾಡಿ. ತಮಾಷೆಗೆ ಹೇಳುತ್ತಿಲ್ಲ. ಅವನು ಪ್ರಶ್ನೆ ಕೇಳಬೇಕು, ಉಳಿದವರು ಹೇಳಬೇಕು. ‘ಬಲಗಡೆ ಬೆಟ್ಟ ಇದೆ’ ಅಂದರೆ ಅವನು ‘ಯಾವ ದಿಕ್ಕು? ಎಷ್ಟು ದೂರ? ಚೂಪೋ ಚಪ್ಪಟೆಯೋ? ಮೇಲೆ ಮರ ಇದೆಯಾ?’ ಅಂತ ಕೇಳಲಿ. ಕಣ್ಣಿರುವವರು ಎಷ್ಟು ಕಡಿಮೆ ನೋಡಿದ್ದಾರೆ ಅಂತ ಆ ಪ್ರಶ್ನೆಗಳಲ್ಲೇ ಗೊತ್ತಾಗುತ್ತದೆ, ಎಲ್ಲರೂ ಮತ್ತೆ ಪರದೆ ದಿಟ್ಟಿಸುತ್ತಾರೆ. ಜೊತೆಗೆ ಅವನ ಕೈಗೆ ಮುಟ್ಟಿ ಓದುವ ನಕಾಶೆ ಕೊಡಿ. ದಪ್ಪ ರಟ್ಟಿನ ಮೇಲೆ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ) ಉದ್ದಕ್ಕೂ ದಾರ ಅಂಟಿಸಿ, ನದಿಗೆ ನುಣುಪಾದ ರಿಬ್ಬನ್, ಮರಳಿಗೆ ಉಪ್ಪುಕಾಗದ. ದಾರಗಳು ಹತ್ತಿರ ಬಂದಲ್ಲಿ ಕಡಿದಾದ ಇಳಿಜಾರು ಅಂತ ಬೆರಳಿಗೆ ತಿಳಿದವನು, ಸಮೋನ್ನತಿ ರೇಖೆಯನ್ನು ಕಣ್ಣಲ್ಲಿ ಮಾತ್ರ ಕಂಡವರಿಗಿಂತ ಚೆನ್ನಾಗಿ ಅರಿತಿರುತ್ತಾನೆ. ಗುಹೆಯ ತೊಟ್ಟಿಕ್ಕು, ಹಿಮನದಿ ಬಿರಿಯುವ ಸದ್ದು, ಮಳೆಕಾಡಿನ ಹಕ್ಕಿಗಳ ಧ್ವನಿಮುದ್ರಣ ಸಿಕ್ಕರೆ ಮೊದಲು ಅದನ್ನು ಕೇಳಿಸಿ, ಚಿತ್ರ ಆಮೇಲೆ.

ಪ್ರಶ್ನೆ: ಪರದೆಯಲ್ಲಿ ನೋಡಿದ ಬೆಟ್ಟಗಳು ಫೋಟೋದಲ್ಲಿ ನೋಡಿದ್ದಕ್ಕಿಂತ ಕಡಿದಾಗಿ ಕಾಣುತ್ತವೆ. ನನ್ನ ಭ್ರಮೆಯೇ?

ಭ್ರಮೆ ಇರಲಿಕ್ಕಿಲ್ಲ. ಎತ್ತರವನ್ನು ಹಿಗ್ಗಿಸಿ ತೋರಿಸುವ ಸೆಟ್ಟಿಂಗ್ ಗೂಗಲ್ ಅರ್ಥ್ ಪ್ರೊ ತಂತ್ರಾಂಶದಲ್ಲಿದೆ, ಮೂರು ಪಟ್ಟಿನವರೆಗೂ ಏರಿಸಬಹುದು. ನಿಮ್ಮಲ್ಲಿ ಅದು ಒಂದಕ್ಕಿಂತ ಹೆಚ್ಚಿದೆಯೇ ನೋಡಿ. ಮಕ್ಕಳ ಮುಂದೆಯೇ ಏರಿಸಿ ಇಳಿಸಿ ತೋರಿಸಿ. ಚಿತ್ರ ಸುಳ್ಳು ಹೇಳಬಲ್ಲದು ಅಂತ ತಿಳಿಯುವುದೂ ಪಾಠವೇ. ಕೆಲವು ಚಪ್ಪಟೆ ನಕಾಶೆಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುವುದನ್ನೂ ಇದೇ ತರಗತಿಯಲ್ಲಿ ಮುಗಿಸಿಬಿಡಿ. ನಿಜದಲ್ಲಿ ಆಫ್ರಿಕಾ ಅದರ ಸುಮಾರು ಹದಿನಾಲ್ಕು ಪಟ್ಟು. ಪರದೆಯ ಭೂಗೋಲವನ್ನು ತಿರುಗಿಸಿ ಎರಡನ್ನೂ ನೋಡಿದರೆ ಸಾಕು.

ಪ್ರಶ್ನೆ: ಇಂಥ ಪ್ರವಾಸಕ್ಕೆ ಅಂಕ ಹೇಗೆ ಕೊಡುವುದು?

ನೋಡಿದ್ದಕ್ಕೆ ಅಂಕ ಬೇಡ. ‘ಇದು ಕಂಡಿತು, ಆದ್ದರಿಂದ ಹೀಗಿರಬೇಕು’ ಅನ್ನುವ ಒಂದು ವಾಕ್ಯಕ್ಕೆ ಕೊಡಿ. ‘ಇದನ್ನು ಖಚಿತ ಮಾಡಿಕೊಳ್ಳಲು ಅಲ್ಲಿಗೇ ಹೋದರೆ ಏನು ಅಳೆಯುತ್ತೇನೆ’ ಅನ್ನುವ ಇನ್ನೊಂದು ವಾಕ್ಯಕ್ಕೆ ಅದಕ್ಕಿಂತ ಹೆಚ್ಚು ಕೊಡಿ.

ಪ್ರಶ್ನೆ: ಮೇಡಂ, ರಜೆಯಲ್ಲಿ ನಾನೊಬ್ಬಳೇ ಮಾಡಬಹುದಾದ ಒಂದು ವರ್ಚುವಲ್ ಪ್ರವಾಸ ಹೇಳಿ. ಏಳನೇ ತರಗತಿ. ನನಗೆ ನದಿ ಇಷ್ಟ.

ಹಾಗಾದರೆ ಪೆರು ದೇಶದ ಉಕಯಾಲಿ ನದಿಗೆ ಹೋಗು ಪುಟ್ಟಿ. ಅಮೆಜಾನ್‌ಗೆ ನೀರು ತರುವ ನದಿ ಅದು, ಹಾವಿನ ಹಾಗೆ ಸುತ್ತಿಕೊಂಡು ಹರಿಯುತ್ತದೆ. ಅದರ ಅಕ್ಕಪಕ್ಕ ಕುದುರೆ ಲಾಳದಾಕಾರದ ಸರೋವರಗಳು ಬೇಕಾದಷ್ಟು ಸಿಗುತ್ತವೆ. ನದಿ ತಿರುವಿನ ಹೊರ ಅಂಚನ್ನು ಕೊರೆಯುತ್ತಾ, ಒಳ ಅಂಚಿನಲ್ಲಿ ಮರಳು ಬಿಡುತ್ತಾ ಹೋಗಿ, ಕೊನೆಗೊಮ್ಮೆ ತಿರುವಿನ ಕತ್ತು ಕಡಿದು ನೇರ ದಾರಿ ಹಿಡಿದಾಗ ಬಿಟ್ಟುಹೋದ ತುಂಡುಗಳು ಅವು. 1984ರಿಂದೀಚಿನ ಚಿತ್ರಗಳನ್ನು ಓಡಿಸಿ ತೋರಿಸುವ ‘ಟೈಮ್‌ಲ್ಯಾಪ್ಸ್’ ಎಂಬ ಸೌಲಭ್ಯ ಗೂಗಲ್ ಅರ್ಥ್‌ನಲ್ಲಿದೆ, ಅದರಲ್ಲಿ ನದಿ ಹೊರಳುವುದೇ ಕಾಣುತ್ತದೆ.

ನಿನ್ನ ಕೆಲಸ ಇಷ್ಟು. ಕತ್ತು ತೀರಾ ಸಪೂರವಾಗಿರುವ, ಇನ್ನೂ ಕಡಿಯದ ಒಂದು ತಿರುವು ಹುಡುಕು. ಕತ್ತಿನ ಅಗಲ ಅಳೆ. ಹಳೆಯ ಚಿತ್ರದಲ್ಲೂ ಅದೇ ಜಾಗ ಅಳೆ. ಎಷ್ಟು ವರ್ಷದಲ್ಲಿ ಎಷ್ಟು ಸವೆದಿದೆ ಅಂತ ಲೆಕ್ಕ ಹಾಕಿ, ಅದು ಯಾವಾಗ ಕಡಿಯಬಹುದು ಅಂತ ಊಹಿಸಿ ಬರೆ. ಒಂದು ದೊಡ್ಡ ಪ್ರವಾಹ ಬಂದರೆ ನಿನ್ನ ಲೆಕ್ಕ ತಲೆಕೆಳಗಾಗಬಹುದು, ಅದನ್ನೂ ಬರೆ. ಪತ್ರಿಕೆಯ ವಿಳಾಸಕ್ಕೆ ಕಳಿಸು. ಸ್ಕ್ರೀನ್‌ಶಾಟ್ ಬೇಡ, ನೀನೇ ಪೆನ್ಸಿಲ್‌ನಲ್ಲಿ ಬರೆದ ನಕಾಶೆ ಇರಲಿ, ಸ್ಕೇಲು ಹಾಕುವುದನ್ನು ಮರೆಯಬೇಡ.